ನಡುಬ್ಯಾಸಗಿ ಉಣ್ಣಿ

ಮೇ ತಿಂಗಳು. ಕಲಬುರಗಿ.
ಡಾಂಬರು ಚಪ್ಪಲಿ ಹಿಡಕೊಂಡು ಬಿಡವಲ್ದು.
ಇಂಥಾದ್ರಾಗ ನಾನು
ಕಪಡಾ ಬಜಾರದಾಗ ಉಣ್ಣಿ ಕೇಳಿಕೋತ ಹೊಂಟೀನಿ.

ಮಾಲಾನಿ ಸೇಠ ಫ್ಯಾನಿನ ಬುಡಕಿಂದ ಏಳಲಿಲ್ಲ.
"ಉಣ್ಣಿ? ಈಗ? ದೀಪಾವಳಿ ಆದಮ್ಯಾಲ ಬರ್ರಿ,
ಲುಧಿಯಾನಾದ ಮಾಲು ಆವಾಗ ಬರ್ತದ."
ಆಮ್ಯಾಲ ದನಿ ಇಳಿಸಿ,
"ಮನ್ಯಾಗ ಅವರಿಗಿ ಏನು, ಕೂಸೇನರೆ...?"
ನನಗ ಅರವತ್ಮೂರು. ಅವರಿಗಿ ಅರವತ್ತು.
ನಕ್ಕು ಬಂದೆ.

ಎರಡನೇ ಅಂಗಡ್ಯಾಗ ಗುಂಡಿ, ಲೇಸು, ಜರಿ ಅಂಚು,
ಬಾಗಿಲ ತೋರಣಕ್ಕ ಹೊಳಿಯೋ ದಾರ.
ಹುಡುಗಿ ಮೊಬೈಲಿನಿಂದ ತಲಿ ಎತ್ತಿ
"ಯಾವ ಬಣ್ಣ ಅಂತ ಹೇಳಿ ಕಳಿಸ್ಯಾರ್ರಿ ಆಂಟಿ?" ಅಂದಳು.
ಯಾರೂ ಕಳಿಸಿಲ್ಲವ್ವ, ನನಗೇ ಬೇಕು
ಅನ್ನೋದು ನಾಲಿಗಿ ತುದಿಗಿ ಬಂದು ನಿಂತು,
"ಕೇಳಿಕೊಂಡು ಬರ್ತೀನಿ" ಅಂದುಬಿಟ್ಟೆ.

ಕೋರ್ಟಿನ್ಯಾಗ ಮೂವತ್ತಾರು ವರ್ಷ ಟೈಪ್ ಮಾಡಿದ ಕೈ ಇವು.
ಫಿರ್ಯಾದಿ, ಆರೋಪಿ, ಹೊಲದ ಬದುವಿನ ಜಗಳ,
ನಾಕು ಕಾರ್ಬನ್ ಹಾಳಿ ದಾಟಿ ಅಚ್ಚೊತ್ತಿದ ಬೆರಳು.
ಶ್ರಾವಣದಾಗ ಒಂದು ಮುಂಜಾನಿ
ಎಡಗೈ ಚಹಾದ ಬಸಿ ಹಿಡಿಯಲಿಲ್ಲ.
ದವಾಖಾನ್ಯಾಗ ರಬ್ಬರ್ ಚೆಂಡು ಕೊಟ್ರು, ಹಿಸುಕ್ರಿ ಅಂದ್ರು.
ಹಿಸುಕಿದೆ. ಹಿಸುಕಿದ್ರ ಏನಾಗ್ತದ, ಚೆಂಡು ಚೆಂಡೇ ಇರ್ತದ.
ರಾತ್ರಿ ಪಾಳಿಯ ಸಿಸ್ಟರ್ ಸುಗಂಧಿ ಮಾತ್ರ
ಎರಡು ಸೂಜಿ ನಡುವ ಕೆಂಪಂದು ಏನೋ ಬೆಳಸ್ತಿದ್ರು.
ಟಿಕ್ ಟಿಕ್. ಕಣ್ಣು ಮುಚ್ಚಿ ಕೇಳಿದ್ರ
ನನ್ನ ಹಳೇ ಮಷೀನೇ,
ಭಾಳ ದೂರ, ಯಾವುದೋ ಬ್ಯಾರೆ ಕೋಣ್ಯಾಗ.

ಶಹಾಬಜಾರದ ಸಂದಿ. ಖಮರುನ್ನಿಸಾ ಬೇಗಂ ಅಂಗಡಿ
ಅಂದ್ರ ಪಡಸಾಲ್ಯಾಗ ಒಂದು ಕಬ್ಬಿಣದ ಕಪಾಟು,
ಡಾಂಬರಗುಳಿಗಿ ವಾಸನಿ.
ಆಕಿ ಯಾರಿಗಿ ಅಂತ ಕೇಳಲಿಲ್ಲ.
ನನ್ನ ಎಡಗೈ ನೋಡಿದಳು, ಕಪಾಟು ನೋಡಿದಳು,
ತಳದಿಂದ ಒಂದು ಲಡಿ ತಗದಳು:
ತೊಗರಿ ಹೂವಿನ ಹಳದಿ, ಒಂದ್ ಚೂರು ಮಾಸಿದ್ದು.
ಎಳೀನ ಗಲ್ಲಕ್ಕ ತಿಕ್ಕಿ, "ಚುಭತಾ ನೈ" ಅಂತ
ತನಗ ತಾನೇ ಹೇಳಿಕೊಂಡು,
"ಹಾಥ್ ಆಗೆ ಕರೋ ಭಾಯ್."

ಎರಡೂ ಕೈ ಮುಂದ ಚಾಚಿದೆ.
ಮಣಿಕಟ್ಟಿಗಿ ಲಡಿ ಹಾಕಿದಳು, ಬೇಡಿ ಹಾಕಿದಂಗ.
ಎಷ್ಟು ಮಂದಿ ಹಿಂಗ ನಿಂತದ್ದು ನೋಡೀನಿ,
ತಲಿ ಎತ್ತದೆ ಟೈಪ್ ಮಾಡೀನಿ.
ಆಕಿ ಸುತ್ತಲಕತ್ತಿದಳು.
ನೂಲು ಎಡಕ್ಕ ಎಳೀತದ, ಬಲಕ್ಕ ಎಳೀತದ,
ಎಡಗೈ ನಡುಗ್ತದ, ಇಳೀತದ, "ಥೋಡಾ ಊಪರ್,"
ಏಳ್ತದ. ಮತ್ತ ಇಳೀತದ. ಮತ್ತ ಏಳ್ತದ.
ಕರೆಂಟ್ ಹೋತು.
ಬೆವರು ಹುಬ್ಬಿನಿಂದ ಇಳಿದು ಕಣ್ಣಾಗ.
ಒರಸಿಕೊಳ್ಳಾಕ ಕೈ ಖಾಲಿ ಇಲ್ಲ.
ಬೇಡಿ ಒಂದೊಂದೇ ಎಳಿ ತೆಳ್ಳಗಾತು,
ಆಕಿ ಉಡ್ಯಾಗ ಉಂಡಿ ದಪ್ಪಗಾತು.
ಕೊನೀ ಎಳಿ ಹೆಬ್ಬೆರಳು ದಾಟಿ ಹೋದಾಗ
ಎರಡೂ ಕೈ ಗಾಳ್ಯಾಗ ಹಂಗೇ ನಿಂತಿದ್ದವು.
ಕೆಳಗ ಇಳಸೋದು ನನಗ ನೆನಪಾಗಲಿಲ್ಲ.

"ಏಕ್ ಸೌ ದಸ್," ಅಂದಳು. ಸೂಜಿಗಿ ಬ್ಯಾರೆ ನಲವತ್ತು.
ಹತ್ತು ಬಿಡ್ರಿ ಅಂದೆ. ಬಿಡಲಿಲ್ಲ.

ಶೇರ್ ಆಟೋದಾಗ, ತೊಡಿ ಮ್ಯಾಲ ಬೆಚ್ಚಗ
ಕೋಳಿಮರಿಯಂಗ ಉಂಡಿ ಕುಂತದ.
ಬಾಜೂಕಿನ ಮುದುಕಿ ಮುಟ್ಟಿ ನೋಡಿ,
"ಇಂಥಾ ಬಿಸಲಾಗ ಯಾರಿಗ್ರೀ ಇದು?"
"ಕೈಗ್ರಿ," ಅಂದೆ.
"ಕೈಗವಸೇನು?"
"ಅಲ್ರಿ ಯವ್ವಾ. ಕೈಗಿ."

ಆಕಿಗಿ ತಿಳೀಲಿಲ್ಲ.
ಆದರೂ ಗೋಣು ಹಾಕಿದಳು.