ನೆರಳಿಗಿಟ್ಟ ನೇರಳೆ

ಬಡೇಸಾಬ ತಳ್ಳುಗಾಡಿಯಿಂದ ಇಳಿಸಿದಾಗ
ಹೆಸರು ಅವನಿಗೂ ಗೊತ್ತಿರಲಿಲ್ಲ.
"ಬದನೀಕಾಯಿ ಬಣ್ಣದ್ದು ನೋಡ್ರಿ ಅಕ್ಕಾರ, ಅರವತ್ತು ರೂಪಾಯಿ.
ಹೂವಿನ ಆಸಿ ಬ್ಯಾಡ್ರಿ, ಎಲೀನ ಇದರ ಸಿಂಗಾರ."
ನಲವತ್ತಕ್ಕೆ ಕೊಟ್ಟ. ಹೊರಟವನು ತಿರುಗಿ ನಿಂತು ಅಂದ:
"ಹಾಲು ಹುಷಾರು."

ಶಕ್ತಿನಗರದ ಕ್ವಾರ್ಟರ್ಸು. ಇಲ್ಲಿ
ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಬೂದಿ ಬಣ್ಣ.
ನನ್ನ ಕೆಲಸವೂ ಅದೇ. ಲ್ಯಾಬಿನಲ್ಲಿ
ಚಿಟಿಕೆ ಕಲ್ಲಿದ್ದಲು ಸುಟ್ಟು, ಉಳಿದ ಬೂದಿ ತೂಗಿ ಬರೆಯುವುದು:
ಮೂವತ್ತೆಂಟು, ಮೂವತ್ತೊಂಬತ್ತು, ಮತ್ತೆ ಮೂವತ್ತೆಂಟು.
ಮನೆಗೆ ಬಂದರೆ ಎಲೆಯ ಮೇಲೂ ಅದರ ಲೆಕ್ಕ.
ಹಳೇ ಬನಿಯನ್ನಿನ ಚೂರು ನೆನೆಸಿ ಒಂದೊಂದೇ ಒರೆಸುತ್ತಿದ್ದೆ,
ಮುಸ್ಸಂಜೆ ಅವ್ವ ಕಂದೀಲಿನ ಗಾಜು ಒರೆಸುತ್ತಿದ್ದ ಹಾಗೆ.

ಯಾಕೆ ಈ ಪಾಡು ಅನಿಸಿ
ಕುಂಡ ಎತ್ತಿ ತಗಡಿನ ಕೆಳಗಿಟ್ಟೆ.
ಬೂದಿ ಬೀಳಲಿಲ್ಲ. ಬಣ್ಣವೂ ನಿಲ್ಲಲಿಲ್ಲ.
ತಿಂಗಳೊಪ್ಪತ್ತಿನಲ್ಲಿ ಹಸಿರಾಗುತ್ತ ಬಂತು,
ಹಸಿರೂ ಅಲ್ಲ, ಪಾಚಿ ನೀರಿನ ಬಣ್ಣ;
ಯಾರದೋ ಮನೆಗೆ ಬಂದು ಬಾಯಿ ಮುಚ್ಚಿ ಕೂತವರ ಹಾಗೆ.

ಮಾಗಿಗೆ ಎಲೆ ಪೂರಾ ಉದುರಿತು.
ಪಕ್ಕದ ತಾಯಮ್ಮ ಕಾಂಪೌಂಡಿನಾಚೆಯಿಂದ ತೀರ್ಪು ಕೊಟ್ಟಳು:
"ಸತ್ತದ ಅದು, ಕಿತ್ತು ಒಗಿ. ತುಳಸಿನಾದ್ರೂ ಹಚ್ಚು."
ಉಗುರಿನಿಂದ ಒಂದಿಷ್ಟು ಕೆರೆದೆ.
ಒಳಗೆ ಹಸಿರು. ಹಸಿರಿನ ಹಿಂದೆಯೇ ಬೆಳ್ಳಗೆ ಹಾಲು.
ಖುಷಿಗೆ ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡೆ.

ಆ ರಾತ್ರಿಯ ಉರಿ ಹೇಳಲಾರೆ.
ನಲ್ಲಿಯ ಕೆಳಗೆ ರೆಪ್ಪೆ ಬಿಡಿಸಿ ಹಿಡಿದು
ಅರ್ಧ ಕೃಷ್ಣೆಯನ್ನು ಹರಿಸಿದೆ.

ಈಗ ಅದು ಅಂಗಳದ ನಡುವೆ, ನೆಲದಲ್ಲೇ,
ನಡುಮಧ್ಯಾಹ್ನದ ಬಾಯಿಗೆ.
ರಾಯಚೂರಿನ ಬಿಸಿಲು; ನಾವೆಲ್ಲ ಬೈದು ಬಾಗಿಲು ಹಾಕಿಕೊಳ್ಳುವ ಬಿಸಿಲು.
ಅದನ್ನೇ ಕುಡಿದು ಚಿಗುರು
ಮೊದಲು ಕೆಂಪು, ಆಮೇಲೆ ತಾಮ್ರದ ಚರಿಗೆ,
ಆಮೇಲೆ ಅಪ್ಪಟ ಬದನೆ.
ಬುಡ ಒಣಗಿದ ಮೇಲಷ್ಟೇ ನೀರು, ಹೆಚ್ಚಾದರೆ ಮುನಿಸು.
ಒರೆಸುವುದು ಬಿಟ್ಟಿದ್ದೇನೆ. ಬೂದಿ ಬೀಳುತ್ತದೆ,
ಗಾಳಿ ಬೀಸುತ್ತದೆ, ಹೋಗುವಷ್ಟು ಹೋಗುತ್ತದೆ.

ನಿನ್ನೆ ತಾಯಮ್ಮನೇ ಬಂದಳು, ಗೇಟಿನ ಕೊಂಡಿ ಹಿಡಿದು:
"ಒಂದು ಟೊಂಗಿ ಕೊಡವ್ವ, ದೇವದುರ್ಗಕ್ಕ, ಮಗಳ ಮನಿಗೆ."
ಲ್ಯಾಬಿನ ಕನ್ನಡಕ ಹಾಕಿಕೊಂಡು
ಕೈಗೆ ಖಾಲಿ ಹಾಲಿನ ಪ್ಯಾಕೆಟ್ಟು ಸುತ್ತಿ ಕತ್ತರಿಸಿದೆ.
ತೊಟ್ಟಿಕ್ಕಿತು, ನಿಲ್ಲಲೊಲ್ಲದು.
ಕಾಂಪೌಂಡಿನ ಮೇಲಿಂದ ಒಂದು ಚಿಟಿಕೆ ಬೂದಿ ಬಳಿದು
ಗಾಯಕ್ಕೊತ್ತಿದೆ. ನಿಂತಿತು.

"ಸತ್ತದ ಅಂದಿದ್ದಿ," ಎಂದೆ.
"ಅಂದಿದ್ದೆ," ಎಂದಳು, ಪೇಪರಿನಲ್ಲಿ ಸುತ್ತುತ್ತ,
"ಬಿಸಲಾಗ ಇಡಬೇಕೇನು?"
"ಮೊದಲು ಕೈ ತೊಳಕೊ."