ಹೊರರೋಗಿ ಚೀಟಿ ಬರೆಯುವವನು

ಹನ್ನೊಂದು ವರ್ಷದಿಂದ ಇದೇ ಕಿಂಡಿ.
ಹಾಸನದ ದೊಡ್ಡಾಸ್ಪತ್ರೆ, ಹೊರರೋಗಿ ವಿಭಾಗ.
ನಾನು ಹೊರಗುತ್ತಿಗೆ ನೌಕರ.
ಕಿಂಡಿಯ ಒಳಗೆ ಕೂತವನೂ ಹೊರಗಿನವನೇ ಅಂತ
ಸಾಲಿನಲ್ಲಿ ನಿಂತವರಿಗೆ ಹೇಳಿಲ್ಲ,
ಸಂಬಳದ ಚೀಟಿಗೆ ಗೊತ್ತು.

ಇಂಪನಾ ಅರ್ಜಿ ತುಂಬಿದ ರಾತ್ರಿ
ಪಕ್ಕದಲ್ಲಿದ್ದೆ, ಓಟಿಪಿ ಹೇಳುವುದಕ್ಕೆ.
ದೂರದ ಸರ್ಕಾರಿ ವಿಶ್ವವಿದ್ಯಾಲಯ;
ಅರಸೀಕೆರೆಗೆ ಹೋಗಿ ರೈಲು ಹತ್ತಿದರೆ
ಎರಡು ರಾತ್ರಿ, ಆಮೇಲೂ ಒಂದು ಬಸ್ಸು.
ಸಂಖ್ಯಾಶಾಸ್ತ್ರ ಓದಬೇಕಂತೆ.
ಜಾತಿ ಬರೆದಳು, ಆದಾಯ ಬರೆದಳು
(ಆಗ ನನ್ನ ಮುಖ ನೋಡಲಿಲ್ಲ, ಪುಣ್ಯಾತ್ಗಿತ್ತಿ),
ಆಮೇಲೊಂದು ಚೌಕ ಬಂತು:
ಈ ರಾಜ್ಯದವರೋ, ಹೊರರಾಜ್ಯದವರೋ?
ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಂತು
ಎರಡನೆಯದರ ಮೇಲೆ ಇಳಿಯಿತು.

"ಐವತ್ತು ಸೀಟಪ್ಪಾ. ಹೊರಗಿನೋರಿಗೆ ಐದು."
"ಎಷ್ಟು ಜನ ಹಾಕ್ತಾರೆ?"
"ಹೋದ ವರ್ಷ ಸಾವಿರದ ಇನ್ನೂರು."
ಭಾಗಿಸಿ, ಸೊನ್ನೆಗಳ ಹಿಂದೆ ಅವಿತ
ಒಂದು ನಾಲ್ಕನ್ನು ತೋರಿಸಿದಳು.
ಅದಕ್ಕೆ ಸಂಭವನೀಯತೆ ಅಂತ ಹೆಸರು.
"ಆದ್ರೆ ಇದು ಚೀಟಿ ಎತ್ತೋದಲ್ಲ,
ಅಂಕ ಇದ್ದೋರಿಗೆ ಲೆಕ್ಕ ಬೇರೆ."

ನನಗೆ ಗೊತ್ತಿರುವ ಸೀಟು ಒಂದೇ.
ಹೊಳೆನರಸೀಪುರದ ಬಸ್ಸು ಇನ್ನೂ ನಿಂತಿರುವುದಿಲ್ಲ,
ಓಡುತ್ತಲೇ ಕಿಟಕಿಯಿಂದ ಕರ್ಚೀಫು ಎಸೆಯಬೇಕು.
ಕರ್ಚೀಫು, ಟವೆಲ್ಲು, ಒಮ್ಮೆ ಇವಳನ್ನೇ.
ನಾಲ್ಕು ವರ್ಷದವಳನ್ನು ಕಿಟಕಿಯೊಳಗೆ ಇಳಿಸಿ
ಕೂತ್ಕೋ, ಯಾರು ಗದರಿದ್ರೂ ಏಳಬೇಡ ಅಂದಿದ್ದೆ.
ಎದ್ದಿರಲಿಲ್ಲ.
ನಾನು ಹತ್ತಿ ಬರುವವರೆಗೆ
ಎರಡು ಸೀಟಿನ ಮೇಲೂ ಅಡ್ಡ ಮಲಗಿದ್ದಳು.

ಈ ಕಿಟಕಿ ನನ್ನ ಕೈಗೆ ಎಟುಕುವುದಿಲ್ಲ.

ಜುಲೈನಲ್ಲಿ ಪಟ್ಟಿ ಬಂತು:
ಹೊರರಾಜ್ಯ, ಕಾಯುವವರು, ಕ್ರಮಸಂಖ್ಯೆ ಮೂರು.
ಮೂರಾ? ಸಿಕ್ಕಂಗೇ ಬಿಡಿ, ಅಂದರು ಲ್ಯಾಬಿನ ಸರೋಜಮ್ಮ.
ಇವಳು ಮಾತ್ರ, "ಮೂರು ಜನ ಬಿಟ್ಟುಕೊಡಬೇಕಪ್ಪಾ."
"ಯಾಕೆ ಬಿಡ್ತಾರೆ?"
"ಇನ್ನೂ ಒಳ್ಳೇದು ಸಿಕ್ಕಿದ್ರೆ."
ಅವತ್ತಿನಿಂದ ಮುಖ ಕಾಣದ ಮೂರು ಮಕ್ಕಳಿಗೆ
ಇನ್ನೂ ಒಳ್ಳೇದಾಗಲಿ ಅಂತ
ಹಾಸನಾಂಬೆಗೆ ಕೈ ಮುಗಿಯುತ್ತೇನೆ, ಬೀದಿಯಿಂದಲೇ.
ವರ್ಷಕ್ಕೊಮ್ಮೆ ತೆರೆಯುವ ಬಾಗಿಲು,
ಆಷಾಢದಲ್ಲಿ ತಟ್ಟಿದರೆ ಏನಂದುಕೊಳ್ಳುತ್ತಾಳೋ.

ಟೋಕನ್ನಿನ ಗುಣ ನನಗೆ ಗೊತ್ತು.
ಮುಂದಿನವರು ಟೀ ಕುಡಿಯಲು ಹೋಗಿ ಬರದೇ ಇದ್ದಾರು,
ಒಂದೂವರೆಗೆ ನಾನೇ ಕಿಂಡಿ ಮುಚ್ಚಿಯೇನು.
ಎದುರಿಗಿದ್ದವರಿಗೆ ಅದು ವಿಧಿ,
ನನಗೆ ಊಟದ ಹೊತ್ತು.

ಮಂಗಳವಾರ ಒಬ್ಬ ಹುಡುಗ ಬಂದ,
ಸಕಲೇಶಪುರದ ಕಡೆಯ ತೋಟದಿಂದ,
ಲುಂಗಿಯ ಚೂರಿನಲ್ಲಿ ಕೈ ಸುತ್ತಿಕೊಂಡು.
ಆಧಾರಿನಲ್ಲಿ ಅಸ್ಸಾಮಿನ ಯಾವುದೋ ಜಿಲ್ಲೆ.
ಹಿಂದೆಲ್ಲ ಇಂಥವರನ್ನು
ಇಲ್ಲಿಯ ಕಾರ್ಡು ತಗೊಂಬಾ ಅಂತ
ಪಕ್ಕಕ್ಕೆ ನಿಲ್ಲಿಸುತ್ತಿದ್ದೆ.
ಹಾಗೆ ನಿಂತು ಎಷ್ಟು ಜನ ಹೊರಟುಹೋದರೋ
ಲೆಕ್ಕ ಇಟ್ಟಿಲ್ಲ, ಸಂಖ್ಯಾಶಾಸ್ತ್ರ ನನ್ನದಲ್ಲ.

ಹರಕು ಹಿಂದಿಯಲ್ಲಿ ಆ ಊರಿನ ಹೆಸರು ಹೇಳಿ
ನಿಮ್ಮ ಕಡೆಯದಲ್ವಾ, ಹೇಗಿದೆ ಅಂತ ಕೇಳಿದೆ.
ನೋವಿನಲ್ಲೂ ನಕ್ಕ.
"ನಮಗೂ ಅದು ಹೊರರಾಜ್ಯ ಸಾರ್.
ಬರುವಾಗ ರೈಲು ಹತ್ತು ನಿಮಿಷ ನಿಂತಿತ್ತು.
ಚಹಾ ಚೆನ್ನಾಗಿತ್ತು."

ಊರು ಅನ್ನುವ ಕಡೆ ಸಕಲೇಶಪುರ ಅಂತ ಬರೆದು
ನಲವತ್ತೊಂದನೆಯ ಚೀಟಿ ಹರಿದುಕೊಟ್ಟೆ.

ರಾತ್ರಿ ಮುದ್ದೆ ಮುರಿಯುತ್ತಾ ಹೇಳಿದೆ,
ಅಲ್ಲಿ ಚಹಾ ಚೆನ್ನಾಗಿರುತ್ತಂತೆ ಕಣೇ.
ಇಂಪನಾ ಎಡಗೈಯಲ್ಲಿ ಫೋನಿನ ಪುಟವನ್ನು
ಕೆಳಕ್ಕೆಳೆದು ಬಿಟ್ಟಳು.
ಸಣ್ಣ ಚಕ್ರವೊಂದು ತಿರುಗಿತು, ತಿರುಗಿತು.
"ಇನ್ನೂ ಮೂರೇ," ಅಂದಳು,
ಸಾರು ಬಡಿಸಿಕೊಂಡಳು.