ಎಂಟನೆಯ ಜೇಬು

ಅವನ ಕೋಟಿಗೆ ಏಳು ಕಳ್ಳಜೇಬು.
ಏಳನ್ನೂ ಹೊಲಿದವಳು ನಾನು. ಹಾಗಾಗಿ
ಈ ಊರಿನಲ್ಲಿ ನನ್ನೊಬ್ಬಳ ಪಾಲಿಗೆ ಮಾಯೆಯೇ ಇಲ್ಲ.
ಪಾರಿವಾಳ ಹಾರುವ ಮೊದಲೇ ಅದರ ಹಿಕ್ಕೆಯ ವಾಸನೆ ಗೊತ್ತು,
ನಾಣ್ಯ ಮಾಯವಾಗುವ ಮೊದಲೇ
ಅದು ಬಿದ್ದು ಬಿದ್ದು ಸವೆದ ಅಸ್ತರು ಗೊತ್ತು.

ರಾತ್ರಿ ಹನ್ನೊಂದು. ಪುಂತಾ ಅರೆನಾಸಿನ ಗಾಳಿ
ತಗಡಿನ ಮಾಡಿನ ಅಂಚಿಗೆ ಉಗುರು ಹಾಕಿ
ಎಬ್ಬಿಸಿ ಎಬ್ಬಿಸಿ ನೋಡುತ್ತಿದೆ.
ನಾಳೆ ಹತ್ತಕ್ಕೆ ಬಂದರಿನ ಹಿಂದಿನ ಶಿಶುವಿಹಾರ,
ಮೂವತ್ತೊಂದು ಮಕ್ಕಳು, ದೊಡ್ಡದಕ್ಕೆ ಐದು ವರ್ಷ.
ಎಲೆಯುತೇರಿಯೊ ಅಡುಗೆಮನೆಯ ಮೇಜಿನ ಮೇಲೆ
ಪೆಟ್ಟಿಗೆ ಬೋರಲು ಹಾಕಿ ಕೂತಿದ್ದಾನೆ.
ಕೊನೆಯದು ಪಾರಿವಾಳ. ನಡುವಿನದು ಹೇಗೋ ಆಗುತ್ತದೆ.
ಮೊದಲನೆಯದು ಯಾವುದು?

ನಾಣ್ಯ, ಅಂದ.
ನಾಲ್ಕು ವರ್ಷದವರಿಗೆ ದುಡ್ಡು ಹೋದರೆ ಏನು ಹೋಯಿತು,
ಅದು ನಮ್ಮ ಸಂಕಟ, ಅಂದೆ.
ಬಾಯಿಂದ ಮೊಟ್ಟೆ?
ಅರ್ಧ ಮಕ್ಕಳು ಛೀ ಅನ್ನುತ್ತವೆ. ಇನ್ನರ್ಧ ಮನೆಗೆ ಹೋಗಿ
ಇಡೀ ಮೊಟ್ಟೆ ಬಾಯಿಗೆ ತುರುಕಿಕೊಳ್ಳುತ್ತವೆ.
ಬರಿಗೈಯಿಂದ ರೇಷ್ಮೆ?
ಹಿಂದಿನ ಸಾಲಿಗೆ ಕಾಣದು,
ಹಿಂದಿನ ಸಾಲೇ ಅಲ್ಲವೆ ಮೊದಲು ಎದ್ದು ಓಡುವುದು.

ಬೆಂಕಿಕಾಗದದ ಪೊಟ್ಟಣವನ್ನು ಇಬ್ಬರೂ ನೋಡಿದೆವು.
ಇಬ್ಬರೂ ಮುಟ್ಟಲಿಲ್ಲ.

ಹೋದ ವರ್ಷ ಅದರಿಂದಲೇ ಶುರು ಮಾಡಿದ್ದ. ಭಗ್!
ಎಲ್ಲರೂ ಚಪ್ಪಾಳೆ. ಒಬ್ಬಳು ಮಾತ್ರ, ರೊಸಾಲ್ಬ,
ಮೇಜಿನ ಕೆಳಗೆ ಹೋದವಳು
ಪಾರಿವಾಳ ಬಂದರೂ ಹೊರಗೆ ಬರಲಿಲ್ಲ.
ಆ ಚಳಿಗಾಲದಲ್ಲಿ ಅವರ ಮನೆಯ ಒಲೆ ಸಿಡಿದಿತ್ತಂತೆ.
ಆಮೇಲೆ ಹೇಳಿದರು. ಎಲ್ಲರೂ ಆಮೇಲೆಯೇ ಹೇಳುತ್ತಾರೆ.
ಬಸ್ಸಿನಲ್ಲಿ ಮನೆತನಕ
ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ,
ಯಾರದೋ ಸಾಮಾನು ಕಾಯುವವನ ಹಾಗೆ.

ಮೊದಲ ಆಟ ಅಂದರೆ ಬಾಗಿಲು, ಅಂದ ಈಗ,
ತಣ್ಣಗಾದ ಚಹಾ ಕುಡಿಯುತ್ತ.
ಚಿಲಕ ಮಕ್ಕಳ ಕೈಗೆ ಎಟುಕಬೇಕು.
ನಾನು ನನ್ನ ಎತ್ತರಕ್ಕೆ ಹೊಡೆಸಿಬಿಟ್ಟಿದ್ದೆ.

ಕಣ್ಕಟ್ಟು ಆಮೇಲಿರಲಿ, ಅಂದೆ.
ಮೊದಲು ಅವು ಕಣ್ಣು ಬಿಟ್ಟು ನಿನ್ನನ್ನು ನೋಡಲಿ.

ಆಗ ಹಗ್ಗ ಕೈಗೆ ಬಂತು.
ಗಾಳಿ ಹುಚ್ಚೆದ್ದ ದಿನ ಇಲ್ಲಿ ಬೀದಿ ತಿರುವಿಗೆ ಹಗ್ಗ ಕಟ್ಟುತ್ತಾರೆ,
ಹಿಡಿದುಕೊಂಡೇ ದಾಟಬೇಕು.
ಶಿಶುವಿಹಾರದ ಮಕ್ಕಳಿಗೂ ಒಂದು ಹಗ್ಗವಿದೆ,
ಗಂಟಿಗೊಬ್ಬರಂತೆ ನಡೆಯುತ್ತಾರೆ,
ಒಳಗೆ ಬಂದಮೇಲೂ ಸ್ವಲ್ಪ ಹೊತ್ತು ಕೈ ಬಿಡುವುದಿಲ್ಲ.

ಅವನಿಗೆ ಹೊಳೆದದ್ದು ಇಷ್ಟು:
ಹಗ್ಗ ಕೈಯಿಂದ ಜಾರಿ ಬೆನ್ನಿಗೆ ಹೋಗುತ್ತದೆ.
ಎಲ್ಲಿ ಹೋಯಿತು ಎಂದು ಅವನು ಹುಡುಕುತ್ತಾನೆ.
ಬಾಲ ಕೋಟಿನ ಹಿಂದೆ ಜೋತಾಡುತ್ತಿರುತ್ತದೆ,
ಅವನೊಬ್ಬನನ್ನು ಬಿಟ್ಟು ಮೂವತ್ತೊಂದು ಜನಕ್ಕೂ ಕಾಣುತ್ತದೆ.

ಇದರಲ್ಲಿ ಮಾಯೆ ಎಲ್ಲಿದೆ, ಕೇಳಿದೆ.
ಇಲ್ಲ, ಅಂದ. ಅದಕ್ಕೇ ಇದು ಮೊದಲನೆಯದು.

ಎಂಟನೆಯ ಜೇಬನ್ನು ಬೆನ್ನಿಗೆ ಹೊಲಿದೆ.
ಮೂವತ್ತು ವರ್ಷ ಕರಿ ಬಟ್ಟೆಗೆ ಕರಿ ನೂಲು ಪೋಣಿಸಿದ ಸೂಜಿಗೆ
ಇವತ್ತು ಕೆಂಪು ನೂಲು.
ಕೈ ಒಂದೆರಡು ಸಲ ತಪ್ಪಿತು, ಬಚ್ಚಿಡುವ ಅಭ್ಯಾಸ.

ಬಾಲ ಎಷ್ಟುದ್ದ ಇರಬೇಕು?
ಮೊಣಕಾಲಿಗಿಂತ ಕೆಳಗೆ, ಅಂದ. ನಾಳೆ ಅವಳು ಬಂದರೆ
ಎಲ್ಲಿ ಕೂರುತ್ತಾಳೋ ಗೊತ್ತಿಲ್ಲವಲ್ಲ.

ನೋಡಿಬಿಡೋಣ ಎಂದು, ಸೊಂಟ ಹಿಡಿದುಕೊಂಡು,
ಅರವತ್ತೆರಡನೆಯ ವಯಸ್ಸಿನಲ್ಲಿ
ಮೇಜಿನ ಕೆಳಗೆ ತೂರಿದೆ.
ಅಲ್ಲಿಂದ ಪ್ರಪಂಚ ಬರೀ ಕಾಲು,
ಒಂದು ಒಣಗಿದ ಬ್ರೆಡ್ಡಿನ ಚೂರು, ಕುರ್ಚಿಯ ಕೆಳಮೈ.
ಅವನ ಬೂಟು ಆ ಕಡೆ ಹೋಯಿತು, ಈ ಕಡೆ ಬಂತು,
ಒಲೆಯ ಬಾಗಿಲು ತೆರೆದು ನೋಡಿತು,
ಬೆಕ್ಕನ್ನು ಕ್ಷಮೆ ಕೇಳಿ ಎಬ್ಬಿಸಿ ಅದರಡಿ ನೋಡಿತು.
ಹಿಂದೆಯೇ ಹಗ್ಗದ ತುದಿ
ನೆಲ ಗುಡಿಸುತ್ತ ಹೊರಟಿತ್ತು.

ಎಲ್ಲ ಗೊತ್ತಿದ್ದ ನಾನು
ಹಿಂದೆ! ಹಿಂದೆ ನೋಡೋ! ಎಂದು ಕೂಗಿಬಿಟ್ಟೆ.

ಪಕ್ಕದ ಮನೆಯ ಬಾರಿಯಾ ಗೋಡೆ ಬಡಿದ.